ದೋನ್ ಅಬೆಲೀನೋ ಮನೆಯ ಕಾಫಿ

ಬೆಳಕು ಹರಿಯಬೇಕಾದ ಹೊತ್ತು. ನ್ಯೂ ಮೆಕ್ಸಿಕೋದ ನಮ್ಮ ಲೋಸ್ ಅಲೀಸೋಸ್ ಊರಿನ ಮೇಲೆ ಹೊಗೆ ಕವಿದಿದೆ. ಬೆಟ್ಟದಾಚೆಯ ಕಾಡು ಉರಿಯುತ್ತಿದೆ, ಗಾಳಿ ಇತ್ತ ತಿರುಗಿದೆ. ಎಲುವೀನಾ ಮಾಯೆಸ್ತಾಸ್ ತಮ್ಮ ಹಳೆಯ ಟ್ರಕ್ಕಿನಲ್ಲಿ ಹೋಗಿ ಒಂದೊಂದೇ ಮನೆಯ ಬಾಗಿಲು ಬಡಿಯುತ್ತಿದ್ದಾರೆ. ಜೊತೆಗೆ ಊರಿನ ಪೇಪರಿಗೆ ಬರೆಯುವ ನಾನು. "ಪೇಪರಿಗೆ ಆಮೇಲೆ ಬರಿ, ಮೊದಲು ಆ ಬಾಗಿಲು ಬಡಿ" ಎಂದು ಗದರಿಸಿದ್ದಾರೆ.

ಅರವತ್ತೇಳರ ಎಲುವೀನಾ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಮುಖ್ಯಸ್ಥೆ. ಸಂಬಳ ಇಲ್ಲ. ಶಾಲೆಯ ಅಡುಗೆಮನೆಯಲ್ಲಿ ಬೀನ್ಸ್ ಬೇಯಿಸುತ್ತಿದ್ದವರು ಶಾಲಾ ಮಂಡಳಿಗೆ ಗೆದ್ದರು, ಜಿಲ್ಲೆಯಂಥ ಕೌಂಟಿಗೆ ಚುನಾಯಿತ ಕಮಿಷನರ್ ಆದರು, ಅವಧಿ ಮುಗಿದ ಮೇಲೆ ಮತ್ತೆ ದಳದ ಬೂಟು ತೊಟ್ಟರು. ಗಂಡ ತೀರಿಕೊಂಡ ವಾರವೂ ಕರೆ ಬಂದಾಗ ಎದ್ದು ಹೋದವರು. ಊರಿಗೆ ಅದ್ಯಾವುದೂ ನೆನಪಿಲ್ಲ. ಕಮಿಷನರ್ ಆಗಿದ್ದಾಗ ರಸ್ತೆ ಅಗಲ ಮಾಡಿಸಿದ್ದು ಮಾತ್ರ ನೆನಪಿದೆ.

"ಬೈದ್ರೆ ಬೈಕೊಳ್ಳಲಿ ಬಿಡು. ಮುಂಚೆ ಫೈರ್ ಎಂಜಿನ್ ಒಳಗೆ ಬರೋಕೇ ಜಾಗ ಇರ್ಲಿಲ್ಲ" ಎನ್ನುತ್ತಾರೆ.

ಕೊನೆಯ ಮನೆ ಮುದುಕರಾದ ಅಬೆಲೀನೋ ಕೋರ್ದೊವಾ ಅವರದು; ಊರಿಗೆಲ್ಲ ಗೌರವದಿಂದ 'ದೋನ್' ಅಬೆಲೀನೋ. ಆ ರಸ್ತೆಗಾಗಿ ಮುದುಕರ ಅಪ್ಪ ನೆಟ್ಟ ಏಪ್ರಿಕಾಟ್ ಮರಗಳು ಉರುಳಿದವು. ಅಂದಿನಿಂದ ಎಲುವೀನಾಗೆ ಆ ಮನೆಯಲ್ಲಿ ಕಾಫಿ ಇಲ್ಲ. ನಮ್ಮಲ್ಲಿ ಹಗೆ ಎಂದರೆ ಅದೇ. ಬಾಗಿಲಿಗೆ ಬಂದವರಿಗೆ ಕಾಫಿ ಕೊಡದಿರುವುದು, ಕೊಟ್ಟದ್ದನ್ನು ಕುಡಿಯದಿರುವುದು.

ವಾಕಿಟಾಕಿ ಕಿರುಚುತ್ತದೆ. ಬೆಂಕಿ ದಿಣ್ಣೆ ದಾಟಿದೆ, ರಸ್ತೆ ಇನ್ನೇನು ಮುಚ್ಚುತ್ತದೆ.

"ಬಂದ್ಯಾ ಕಮಿಷನರಮ್ಮ? ಈ ಸಲ ಏನು ಕಡಿಸೋಕೆ?" ಮುದುಕರು ಒಲೆಯ ಮುಂದೆ ನಿಂತಿದ್ದಾರೆ.

"ನಿಮ್ಮನ್ನ ಕರ್ಕೊಂಡು ಹೋಗೋಕೆ. ಹೊರಡಿ, ದೋನ್ ಅಬೆಲೀನೋ."

"ನಾನು ಹುಟ್ಟಿದ್ದು ಈ ಮನೇಲಿ, ಸಾಯೋದೂ ಇಲ್ಲೇ. ಕೂತ್ಕೋ, ಕಾಫಿ ಕುಡ್ಕೊಂಡು ಹೋಗು."

ಇಷ್ಟು ವರ್ಷ ಇಲ್ಲದ ಕಾಫಿ ಈಗ! ಕೂತರೆ ಹೊತ್ತು ಹೋಗುತ್ತದೆ, ಬೇಡ ಎಂದರೆ ಮುದುಕ ಇನ್ನು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಕಿಟಕಿಯ ಗಾಜು ಕೆಂಪಾಗುತ್ತಿದೆ. ನನಗಂತೂ ಕೊರಳಪಟ್ಟಿ ಹಿಡಿದು ಎಳೆದೊಯ್ಯುವಷ್ಟು ಸಿಟ್ಟು, ಅಷ್ಟೇ ಭಯ.

ಎಲುವೀನಾ ಕೂರುವುದಿಲ್ಲ. ಬಟ್ಟೆ ಹಿಡಿದು ಕಾಫಿಪಾತ್ರೆಯನ್ನೇ ಒಲೆಯಿಂದ ಇಳಿಸುತ್ತಾರೆ.

"ಕುಡೀತೀನಿ. ನೀವೇ ಬಗ್ಗಿಸಿ ಕೊಡ್ಬೇಕು. ಆದ್ರೆ ಕೆಳಗಿನ ಶಾಲೇಲಿ. ಕಪ್ಪು ನೀವು ತಗೊಂಡ್ಬನ್ನಿ."

ಹಾಗೆಂದು ಹಿಂದಿರುಗಿ ನೋಡದೆ ಹೊರಟೇಬಿಡುತ್ತಾರೆ.

"ಏ, ಅದು ನನ್ನ ಹೆಂಡ್ತಿ ಪಾತ್ರೆ ಕಣೇ!" ಒಳಗಿನಿಂದ ಕೂಗು. ಟ್ರಕ್ಕಿನ ಬಾಗಿಲು ತೆರೆದಿಟ್ಟು ಕಾಯುತ್ತೇವೆ. ಹೊಗೆ ಟ್ರಕ್ಕಿನೊಳಗೂ ನುಗ್ಗುತ್ತಿದೆ. ಕೊನೆಗೂ ಹ್ಯಾಟು ಇಟ್ಟುಕೊಂಡು, ಎರಡು ಕೈಯಲ್ಲಿ ಎರಡು ಕಪ್ಪು ಹಿಡಿದು ಮುದುಕರು ಬರುತ್ತಾರೆ.

ಇಳಿಜಾರಿನಲ್ಲಿ ಗಾಜಿನ ಮೇಲೆ ಕಿಡಿಗಳು ಬೀಳುತ್ತಿವೆ. ಎದುರಿನಿಂದ ಫೈರ್ ಎಂಜಿನ್ ಬರುತ್ತದೆ. ಅಗಲ ಮಾಡಿಸಿದ ಆ ರಸ್ತೆಯಲ್ಲಿ ಎರಡೂ ವಾಹನ ನಿಲ್ಲದೆ ಪಕ್ಕಪಕ್ಕದಲ್ಲೇ ದಾಟುತ್ತವೆ. ತಮ್ಮ ಮನೆಯ ಕಡೆ ಹತ್ತುತ್ತಿರುವ ಎಂಜಿನ್ನನ್ನು ದೋನ್ ಅಬೆಲೀನೋ ಕತ್ತು ತಿರುಗಿಸಿ ನೋಡುತ್ತಲೇ ಇರುತ್ತಾರೆ.

ಊರವರೆಲ್ಲ ಬಂದು ಸೇರಿರುವ ಶಾಲೆಯ ಸಭಾಂಗಣದಲ್ಲಿ ಅವರು ಕಾಫಿ ಬಗ್ಗಿಸಿ, ಕೇಳದೆಯೇ ಎರಡು ಚಮಚ ಸಕ್ಕರೆ ಹಾಕುತ್ತಾರೆ. ಎಲುವೀನಾ ಕುಡಿಯುವುದು ಹಾಗೆಯೇ. ಮನೆ ಉಳಿಯಿತೋ ಇಲ್ಲವೋ, ಸುದ್ದಿ ಇನ್ನೂ ಬಂದಿಲ್ಲ.

ನಿಮಗೇನು ಆಸೆ ಎಂದು ಎಲುವೀನಾರನ್ನು ಕೇಳುತ್ತೇನೆ.

"ಆ ಅಡುಗೆಮನೆ ಉಳೀಲಿ. ಅಲ್ಲಿ ಕೂತು ಒಂದು ಕಪ್ಪು ಕುಡೀಬೇಕು, ಅಷ್ಟೇ."

ಮುದುಕರು ಕೈ ಚಾಚುತ್ತಾರೆ. "ಹಾಗಾದ್ರೆ ಕುಡಿದು ಕಪ್ಪು ಕೊಡು. ಅದು ಮನೇದು, ವಾಪಸ್ ಮನೆಗೆ ಹೋಗ್ಬೇಕು."

ಎಲುವೀನಾ ಕಪ್ಪನ್ನು ತೊಳೆದು, ಒರೆಸಿ, ಅವರ ಕೈಗಿಟ್ಟು ಟ್ರಕ್ಕಿನ ಕಡೆ ನಡೆಯುತ್ತಾರೆ.