ಅಕ್ರೆ ಕೋಟೆಯ ರಸ್ಕು

ಜೈಡಾಸ್‌ನ ನಮ್ಮ ಆಫೀಸಿನಲ್ಲಿ ಯಾರಿಗಾದರೂ ಮಗು ಹುಟ್ಟಿದರೆ, ಡಚ್ಚರ ರೂಢಿಯಂತೆ, ದುಂಡು ರಸ್ಕು ಹಂಚುತ್ತಾರೆ. ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಸಕ್ಕರೆ ಸುತ್ತಿದ ಸೋಂಪು. ಮೊನ್ನೆ ನನ್ನ ಮೇಜಿಗೂ ಒಂದು ಬಂತು. ನೀವಾಗಿದ್ದರೆ ಮಗು ಹೆಣ್ಣೋ ಗಂಡೋ ಎಂದು ಕೇಳುತ್ತಿದ್ದಿರಿ. ನನಗೆ ನೆನಪಾದದ್ದು ಏಳುನೂರು ವರ್ಷಗಳ ಹಿಂದೆ ಬಿದ್ದ ಒಂದು ಕೋಟೆ.

ಕೊರೊನಾದ ಮೊದಲ ವರ್ಷ ನಾನು ಡಚ್ಚರ ನಾಡಿನದೇ ಇನ್ನೊಂದು ಊರಾದ ನ್ಯೂವೆಗೈನ್‌ನಲ್ಲಿದ್ದೆ. ಪಕ್ಕದ ಮನೆ ಚನ್ನಪಟ್ಟಣದ ಸಬೀಹಾಳದು. ಅವಳ ತಂದೆ, ನಿವೃತ್ತ ಇತಿಹಾಸದ ಮೇಷ್ಟ್ರು, ಎರಡು ತಿಂಗಳಿಗೆಂದು ಬಂದವರು ವಿಮಾನಗಳು ನಿಂತು ಸಿಕ್ಕಿಹಾಕಿಕೊಂಡಿದ್ದರು. ಊರಿನಲ್ಲಿ ಅವರ ಹೆಂಡತಿಗೆ ಹೃದಯದ ಆಪರೇಷನ್ ಆಗಬೇಕಿತ್ತು. ಊರಿಗೆ ಮರಳುವವರ ವಿಶೇಷ ವಿಮಾನಕ್ಕೆ ಹೆಸರು ಕೊಟ್ಟು ಕಾಯುತ್ತಿದ್ದರು. ಕಾಯುವವರಿಗೆ ಒಂದು ಕೆಲಸ ಬೇಕು. ನನಗೆ ಪಾಠ ಶುರುಮಾಡಿದರು. ನಾನು ಕೇಳಿರಲಿಲ್ಲ. ಬೇಡ ಎನ್ನುವಷ್ಟು ಮಾತೂ ನನಗೆ ಬರುವುದಿಲ್ಲ.

ನಮ್ಮ ಬಾಲ್ಕನಿಗಳ ನಡುವೆ ಸರ್ಕಾರ ಹೇಳಿದ ಒಂದೂವರೆ ಮೀಟರ್ ತಾನಾಗಿಯೇ ಇತ್ತು. ಮೇಷ್ಟ್ರು ಸ್ಟೂಲಿನ ಮೇಲೆ ರಸ್ಕು ಪೇರಿಸಿ ಗೋಪುರ ಕಟ್ಟುತ್ತಿದ್ದರು. ಅದು ಅಕ್ರೆ ಪಟ್ಟಣ. ಯುರೋಪಿನಿಂದ ಧರ್ಮಯುದ್ಧಕ್ಕೆ ಬಂದ ಕ್ರುಸೇಡರಿಗೆ ಸಮುದ್ರದ ದಂಡೆಯಲ್ಲಿ ಉಳಿದಿದ್ದ ಕೊನೆಯ ದೊಡ್ಡ ಕೋಟೆ. ಚಹಾದ ಲೋಟ ಈಜಿಪ್ಟಿನ ಮಾಮ್ಲುಕ್ ಸುಲ್ತಾನ ಖಲೀಲ್. ಅಪ್ಪ ಸಿದ್ಧಮಾಡಿ ತೀರಿಕೊಂಡ ಯುದ್ಧವನ್ನು ಮುಗಿಸಿದ ಮಗ. ಬಿದ್ದ ಗೋಪುರಗಳನ್ನು ಮೇಷ್ಟ್ರು ಸುಲ್ತಾನನಲ್ಲಿ ಅದ್ದಿ ತಿನ್ನುತ್ತಿದ್ದರು.

"ಅಬ್ಬಾ, ನಾಳೆ ತಿಂಡಿಗಿಟ್ಟಿದ್ದು ಅದು!" ಒಳಗಿನಿಂದ ಸಬೀಹಾ ಕೂಗುತ್ತಿದ್ದಳು.

"ಮುತ್ತಿಗೆ ನಡೀತಿದೆ ಬೇಟಿ, ಮಧ್ಯದಲ್ಲಿ ನಿಲ್ಸೋಕಾಗಲ್ಲ."

ಒಂದು ದಿನ ಕೇಳಿದೆ: "ಕೋಟೆ ಬಿತ್ತು, ಸರಿ ಸರ್. ಒಳಗಿದ್ದ ಜನ?"

"ಬಂದರಿಗೆ ಓಡಿದ್ರು."

"ಆಮೇಲೆ?"

"ಅದು ಪರೀಕ್ಷೆಗೆ ಬರಲ್ಲಮ್ಮ," ಎಂದು ಲೋಟ ಎತ್ತಿಕೊಂಡು ಒಳಗೆ ಹೋದರು.

ಆ ವಾರ ವಿಮಾನದ ಪಟ್ಟಿ ಬಂತು. ನನ್ನ ಹೆಸರಿತ್ತು, ಅವರದಿರಲಿಲ್ಲ. ನನಗೆ ತುರ್ತೇನೂ ಇರಲಿಲ್ಲ. ಮನೆಯಿಂದಲೇ ಕೆಲಸವೆಂದಾದರೆ ಮೈಸೂರಿನ ಮನೆಯೇ ಆಗಲಿ ಎಂದುಕೊಂಡು ಅರ್ಜಿಯಲ್ಲಿ 'ಕೌಟುಂಬಿಕ ಕಾರಣ' ಎಂದು ಬರೆದಿದ್ದೆ. ಎರಡು ದಿನ ನಾನು ಬಾಲ್ಕನಿಯ ಬಾಗಿಲು ತೆರೆಯಲಿಲ್ಲ. ಮೂರನೆಯ ದಿನ ಮೇಷ್ಟ್ರಿಗೆ ಹೇಳಿದೆ. ಜಾಗ ಬಿಟ್ಟುಕೊಡುತ್ತೇನೆ ಎಂದೂ ಸೇರಿಸಿದೆ, ಕೇಳಿಸದಿದ್ದರೂ ನಡೆಯುತ್ತದೆ ಎನ್ನುವಂಥ ಸಣ್ಣ ದನಿಯಲ್ಲಿ.

ಮೇಷ್ಟ್ರು ಅಂದು ಗೋಪುರ ಕಟ್ಟಲಿಲ್ಲ. ಸಾಸರಿನಲ್ಲಿ ಒಂದೇ ರಸ್ಕು ಇಟ್ಟರು.

"ಬಂದರಿನ ಪಾಠ ಕೇಳಿದ್ಯಲ್ಲ. ಹಡಗು ಕಮ್ಮಿ, ಜನ ಜಾಸ್ತಿ. ಅಷ್ಟೇ. ಮೂವತ್ತು ವರ್ಷ ಸುಲ್ತಾನನ ಪಕ್ಕದಲ್ಲೇ ನಿಂತು ಪಾಠ ಮಾಡ್ಬಿಟ್ಟೆ. ಬಂದರಲ್ಲಿ ನಿಂತು ನೋಡ್ತಿರೋದು ಈಗ." ಸಾಸರನ್ನು ಕಂಬಿಯಾಚೆಗೆ ಚಾಚಿದರು. "ನೀನಿಳಿದ್ರೆ ಆ ಜಾಗ ನನಗೇ ಬರುತ್ತೆ ಅಂತ ಯಾರು ಹೇಳಿದ್ರು? ಹೋಗು. ತಗೋ, ದಾರೀಲಿ ತಿನ್ನು."

ಕೈ ಚಾಚಿದ್ದರೆ ಸಿಗುತ್ತಿತ್ತು.

"ಪರವಾಗಿಲ್ಲ ಸರ್, ದೂರ ಇರಬೇಕಲ್ಲ," ಎಂದೆ. ನಿಯಮ ಮುರಿದವಳಲ್ಲ ನಾನು. ಹೋದೆ.

ಅವರ ಹೆಸರು ಬಂದದ್ದು ಐದು ವಾರಗಳ ನಂತರ. ಅಷ್ಟರೊಳಗೆ ಆಪರೇಷನ್ ಆಗಿ, ಅವರ ಹೆಂಡತಿ ತೀರಿಕೊಂಡಿದ್ದರು. ಸುದ್ದಿ ತಿಳಿಸಿದವಳು ಸಬೀಹಾ. ಮೇಷ್ಟ್ರಿಗೆ ನಾನು ಫೋನ್ ಮಾಡಲಿಲ್ಲ. ನನ್ನ ಜಾಗ ಯಾರಿಗೆ ಹೋಗುತ್ತಿತ್ತೋ ಯಾರಿಗೆ ಗೊತ್ತು ಎಂದು ಹೇಳಿಕೊಂಡೆ. ಆ ಮಾತು ನಿಜ. ನಿಜವಾಗಿದ್ದರಿಂದಲೇ ಇಷ್ಟು ವರ್ಷ ಬಾಳಿಕೆ ಬಂತು.

ಇಲ್ಲಿಗೆ ಮರಳಿದ ಮೇಲೆ ಆಫೀಸಿನ ರಸ್ಕನ್ನು ಪ್ರತಿಸಲ 'ಆಮೇಲೆ' ಎಂದು ಪಕ್ಕಕ್ಕಿಡುತ್ತಿದ್ದೆ. ಮೊನ್ನೆ ಚಹಾ ತಂದುಕೊಂಡು, ಅದ್ದಿ, ಪೂರ್ತಿ ತಿಂದೆ. ಸೋಂಪೆಲ್ಲ ಲೋಟದ ತಳ ಸೇರಿತು. ಆಮೇಲೆ ಸಬೀಹಾಳಿಂದ ನಂಬರ್ ಪಡೆದು ಚನ್ನಪಟ್ಟಣಕ್ಕೆ ಫೋನ್ ಮಾಡಿ, 'ಸರ್' ಎಂದೆ.

"ಯಾರು, ಬಾಲ್ಕನಿ ಕ್ಲಾಸಿನವಳಾ?"

"ಹೌದು ಸರ್. ರಸ್ಕು ತಿಂದೆ."

ಆ ಕಡೆ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

"ಬಹಳ ಲೇಟು," ಎಂದರು. "ಇರಲಿ, ಕೂತ್ಕೋ. ಪಾಠ ಎಲ್ಲಿಗೆ ನಿಂತಿತ್ತು?"

"ಬಂದರಿನಲ್ಲಿ, ಸರ್."