ಗೋಡೆಯ ಸುಣ್ಣ

ನನ್ನ ಮೊಮ್ಮಗಳಿಗೆ ಹಾಲು ಸೇರುವುದಿಲ್ಲ. ಕುಡಿದರೆ ಹೊಟ್ಟೆ ಉಬ್ಬಿ ಕಕ್ಕಿಕೊಳ್ಳುತ್ತಾಳೆ. ನನ್ನ ಸೊಸೆ ಅದನ್ನೇ ತಲೆಗೆ ಹಚ್ಚಿಕೊಂಡು ಒಣಗಿಹೋಗಿದ್ದಳು. ಕೊನೆಗೆ ದೊಡ್ಡಬಳ್ಳಾಪುರದಲ್ಲಿ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು. "ಹಾಲು ಬೇಡ ಅಂದ್ರೆ ಬಿಡಿ. ರಾಗಿ ಕೊಡಿ, ಎಳ್ಳು ಕೊಡಿ, ನುಗ್ಗೆಸೊಪ್ಪು ಕೊಡಿ. ಮೂಳೆಗೆ ಬೇಕಾದ ಸುಣ್ಣದ ಅಂಶ ಅದ್ರಲ್ಲೇ ಇರತ್ತೆ. ಬಿಸಿಲಲ್ಲಿ ಆಡಕ್ಕೆ ಬಿಡಿ," ಅಂದರು ಆಕೆ. ಸೊಸೆಗೆ ಹೋದ ಜೀವ ಬಂದಂತಾಯಿತು. ನಾನು ಮಾತ್ರ ಬಸ್ಸಿನಲ್ಲಿ ಊರು ತಲುಪುವ ತನಕ ಆ ಸುಣ್ಣದ ಮಾತನ್ನೇ ಮೆಲುಕು ಹಾಕುತ್ತಾ ಕೂತಿದ್ದೆ.

ನನಗೊಬ್ಬ ತಮ್ಮನಿದ್ದ. ಎರಡನೇ ಮಹಾಯುದ್ಧದ ಕಾಲದ ಮಾತು. ದೊಡ್ಡಬೆಳವಂಗಲಕ್ಕೆ ಹತ್ತಿರದಲ್ಲೇ ನಮ್ಮ ಹಳ್ಳಿ. ನನಗೂ ಅವನಿಗೂ ನಡುವೆ ಇನ್ನೊಂದು ಗಂಡುಕೂಸು ಹುಟ್ಟಿ, ರಾಗಿ ಸರಿ ತಿನ್ನಿಸಲು ಶುರುಮಾಡಿದ ದಿನಗಳಲ್ಲೇ ಭೇದಿ ಹತ್ತಿ ತೀರಿಕೊಂಡಿತ್ತು. ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಆ ಸಾವನ್ನು ರಾಗಿಯ ತಲೆಗೆ ಕಟ್ಟಿದಳು. ತಮ್ಮ ಹುಟ್ಟಿದ ಕೂಡಲೇ ಮನೆದೇವರಿಗೆ ಹರಕೆ ಹೊತ್ತಳು. ಐದು ತುಂಬಿ ದೇವರಿಗೆ ಅವನ ಮುಡಿ ಕೊಡುವ ತನಕ ಕೂಸಿನ ಬಾಯಿಗೆ ರಾಗಿ ಮುಟ್ಟಿಸುವುದಿಲ್ಲ ಎಂದು. ದೇವರಿಗೆ ಕೊಟ್ಟ ಮಾತು, ಎದುರಾಡುವವರು ಯಾರು? ಅವ್ವ ತಲೆಯಾಡಿಸಿದಳು.

ಹಾಗಾಗಿ ಅವನಿಗೆ ಅನ್ನ. ಸರ್ಕಾರದವರು ಲೆವಿ ಅಂತ ಮನೆಮನೆಗೆ ಬಂದು ಧಾನ್ಯ ಅಳೆದುಕೊಂಡು ಹೋಗುತ್ತಿದ್ದ ಕಾಲವದು. ಅಪ್ಪ ಅವನೊಬ್ಬನಿಗೆಂದು ಅಕ್ಕಿಯನ್ನು ಗುಡಾಣದಲ್ಲಿಟ್ಟು ಮೇಲೆ ಹುರುಳಿ ಸುರಿದು ಬಚ್ಚಿಡುತ್ತಿದ್ದ. ಅವ್ವ ಆ ಅಕ್ಕಿಯನ್ನು ತೌಡೆಲ್ಲ ಹೋಗುವ ತನಕ ಕುಟ್ಟಿ ಬೆಳ್ಳಗೆ ಮಾಡುತ್ತಿದ್ದಳು. ತೌಡು ಹಸುವಿಗೆ, ಬೆಳ್ಳಗಿನ ಅನ್ನ ಮಗನಿಗೆ. ಮನೆಯಲ್ಲಿ ಕರೆಯುವ ಹಸುವಿತ್ತು, ಆದರೆ ನನ್ನ ಮೊಮ್ಮಗಳ ಹಾಗೆಯೇ ಅವನಿಗೂ ಹಾಲು ಒಗ್ಗಲಿಲ್ಲ. ಮೂಗು ಹಿಡಿದು ಕುಡಿಸಿದರೂ ಕಕ್ಕುತ್ತಿದ್ದ. ಮಜ್ಜಿಗೆ ಶೀತ ಅಂತ ಅಜ್ಜಿ, ಸೊಪ್ಪು ಹೊಟ್ಟೆ ಕೆಡಿಸುತ್ತೆ ಅಂತಲೂ ಅಜ್ಜಿಯೇ. ಉಳಿದದ್ದು ಅನ್ನ, ತಿಳಿಸಾರು, ಚೂರು ಬೆಲ್ಲ.

ನಾನು ಹೆಣ್ಣು, ನನಗೆ ಯಾವ ಹರಕೆಯೂ ಇರಲಿಲ್ಲ. ಎರಡು ಹೊತ್ತೂ ಮುದ್ದೆ. ಅದರ ಜೊತೆಗೆ ಹೊಲದ ಬದುವಿನ ಸೊಪ್ಪು, ಹುಚ್ಚೆಳ್ಳಿನ ಚಟ್ನಿ, ಮಳೆ ಬಿದ್ದಾಗ ಕೆರೆಕಾಲುವೆಯ ಏಡಿಯ ಸಾರು. ಏಡಿಯ ಕಾಲನ್ನು ಕಟಕಟ ಕಡಿದು ಹೀರುತ್ತಾ ಕೂತಿದ್ದರೆ ಅವನು ಅಜ್ಜಿಯ ಮಡಿಲಿಂದ ನನ್ನ ಬಾಯನ್ನೇ ನೋಡುತ್ತಿದ್ದ. ಆಗ ನನಗೇ ಹೊಟ್ಟೆಕಿಚ್ಚು. ಅವನ ತಟ್ಟೆಯ ಬಿಳಿ ಅನ್ನ ನನಗೆ ಹಬ್ಬದ ದಿನ ಬಿಟ್ಟರೆ ಸಿಗುತ್ತಿರಲಿಲ್ಲ.

ನಾಲ್ಕರ ಹತ್ತಿರ ಬಂದರೂ ಅವನು ಸರಿಯಾಗಿ ನಡೆಯಲಿಲ್ಲ. ಮೊಣಕಾಲಿನ ಕೆಳಗೆ ಎರಡೂ ಕಾಲು ಹೊರಕ್ಕೆ ಬಾಗಿದವು. ಮಣಿಕಟ್ಟು ಊದಿಕೊಂಡವು. ಊರವರ ಕಣ್ಣು ಬೀಳುತ್ತೆ ಅಂತ ಅಜ್ಜಿ ಅವನನ್ನು ಹೊಸಿಲು ದಾಟಿಸುವುದನ್ನೇ ಬಿಟ್ಟಳು. ಗೋಡೆ ಹಿಡಿದುಕೊಂಡು ನಡುಮನೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುವುದೇ ಅವನ ತಿರುಗಾಟ. ನಾನು ಹೊರಗಿಂದ ಆಡಿ ಬಂದರೆ, "ಅಕ್ಕಾ, ಮುಡಿ ಯಾವಾಗ?" ಅನ್ನುತ್ತಿದ್ದ.

"ಯಾಕೋ, ತಲೆ ನುಣ್ಣಗೆ ಮಾಡಿಸ್ಕೊಳಕ್ಕೆ ಅಷ್ಟು ಆಸೆಯಾ?"

"ಮುಡಿ ಆದ್ಮೇಲೆ ಮುದ್ದೆ ಕೊಡ್ತೀನಿ ಅಂದವ್ಳೆ ಅವ್ವ. ಏಡಿ ಸಾರೂ ಕೊಡ್ತಾಳಂತೆ."

ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಒಂದು ದಿನ ಯಾರೂ ಇಲ್ಲದಾಗ ನನ್ನ ಮುದ್ದೆಯಲ್ಲಿ ಒಂದು ತುತ್ತು ಮುರಿದು, ಹುಚ್ಚೆಳ್ಳಿನ ಚಟ್ನಿಗೆ ಅದ್ದಿ ಅವನ ಬಾಯಿಗಿಟ್ಟೆ. ಮುದ್ದೆಯನ್ನು ನುಂಗಬೇಕು ಅಂತ ಕೂಡ ಗೊತ್ತಿರಲಿಲ್ಲ ಪಾಪ, ಅಗಿಯುತ್ತಾ ಕೂತ. ಅಷ್ಟರಲ್ಲಿ ಹಿತ್ತಲಿಂದ ಬಂದ ಅಜ್ಜಿ ನನ್ನ ಕೆನ್ನೆಗೆ ಬಾರಿಸಿ, ಅವನ ಬಾಯಿಗೆ ಬೆರಳು ಹಾಕಿ ತೆಗೆದಳು. "ಹರಕೆ ಮುರೀತೀಯೇನೇ? ಇವನ್ನೂ ಕಳ್ಕೊಬೇಕಾ ನಾನು?" ಅಂದಳು. ಹೊಡೆದವಳೂ ಅವಳೇ, ಆಮೇಲೆ ಕೂತು ಅತ್ತವಳೂ ಅವಳೇ. ಇಂಥವಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಗೋಡೆಯ ವಿಷಯ ತಿಳಿಯಿತು. ನಡುಮನೆಯ ಗೋಡೆಗೆ ಕೆಳಗೆ ಕೆಮ್ಮಣ್ಣು, ಮೇಲೆ ಸುಣ್ಣ. ಅವನು ಎದ್ದು ನಿಂತರೆ ಕೈಗೆ ಎಟುಕುವಲ್ಲಿ, ರಾಗಿ ತುಂಬಿಡುವ ಮಣ್ಣಿನ ವಾಡೆಯ ಮಗ್ಗುಲಲ್ಲಿ, ಅಂಗೈಯಗಲ ಸುಣ್ಣ ಎದ್ದುಹೋಗಿತ್ತು. ಇಲಿ ಕೆರೆದಿದೆ ಅಂದುಕೊಂಡಿದ್ದೆವು. ಒಂದು ಮಧ್ಯಾಹ್ನ ನೋಡಿದರೆ ಅವನು ಉಗುರಿನಿಂದ ಕೆರೆದು ಕೆರೆದು ನೆಕ್ಕುತ್ತಿದ್ದ. ತುಟಿಯೆಲ್ಲ ಬೆಳ್ಳಗಾಗಿತ್ತು. ಹೊಟ್ಟೆಯಲ್ಲಿ ಹುಳ ಇರಬೇಕು ಅಂತ ಅಪ್ಪ ಹರಳೆಣ್ಣೆ ಕುಡಿಸಿದ. ಅಜ್ಜಿ ಬೈದಳು, ಬೆರಳಿಗೆ ಬಟ್ಟೆ ಸುತ್ತಿದಳು. ಯಾವುದಕ್ಕೂ ಅವನು ಬಿಡಲಿಲ್ಲ. ಅನ್ನ ಉಣ್ಣು ಅಂದರೆ ಮುಖ ತಿರುಗಿಸುವ ಕೂಸು ಗೋಡೆಯ ಹತ್ತಿರ ತೆವಳಿಕೊಂಡು ಹೋಗುತ್ತಿತ್ತು.

ಕೊನೆಗೆ ಅವ್ವ ಸಗಣಿಗೆ ಬೇವಿನಸೊಪ್ಪು ಅರೆದು ಕಲಸಿ ಆ ಜಾಗಕ್ಕೆ ದಪ್ಪಗೆ ಮೆತ್ತಿದಳು. ಅವನು ಒಂದು ಸಲ ನೆಕ್ಕಿದ, ಮುಖ ಕಿವುಚಿದ. ಅಳಲಿಲ್ಲ. ಅವ್ವನ ಮುಖವನ್ನೇ ನೋಡಿ, "ಕಹಿ ಯಾಕವ್ವಾ ಹಾಕ್ದೆ?" ಅಂದ. ಅವ್ವ, "ಮಣ್ಣು ತಿಂದ್ರೆ ಸತ್ತೋಗ್ತಾರೆ ಕಣಪ್ಪ," ಅಂದಳು. ಅದಾದ ಮೇಲೆ ಅವನು ಗೋಡೆಯ ಹತ್ತಿರ ಹೋಗಲಿಲ್ಲ.

ಮುಡಿಗೆ ಇನ್ನು ಕೆಲವೇ ತಿಂಗಳು ಅನ್ನುವಾಗ ಸುಗ್ಗಿಯ ಚಳಿಯಲ್ಲಿ ಕೆಮ್ಮು ಹಿಡಿಯಿತು. ಆ ಸಣ್ಣ ಎದೆಗೂಡಿನಲ್ಲಿ ಉಸಿರು ಎಳೆಯುವುದಕ್ಕೂ ತ್ರಾಣವಿರಲಿಲ್ಲ. ಅಪ್ಪ ಗಾಡಿ ಕಟ್ಟಿ ಆಸ್ಪತ್ರೆಗೆ ಹೊರಡಬೇಕು ಅನ್ನುವಷ್ಟರಲ್ಲಿ ಅವ್ವನ ತೊಡೆಯ ಮೇಲೆಯೇ ಹೋಗಿಬಿಟ್ಟ. ಕಣದಲ್ಲಿ ಹೊಸ ರಾಗಿಯ ರಾಶಿ ಹಾಗೇ ಬಿದ್ದಿತ್ತು. ತಲೆಗೂದಲು ಕತ್ತರಿ ಕಾಣದೆ ಹೆಗಲ ತನಕ ಇಳಿದಿತ್ತು, ಅದರ ಸಮೇತ ಮಣ್ಣು ಮಾಡಿದರು. ರಾಗಿ ತಿಂದಿದ್ದರೆ ಬದುಕುತ್ತಿದ್ದನೇ? ನಾನು ಹೇಳಲಾರೆ. ಡಾಕ್ಟರಮ್ಮನನ್ನೂ ಕೇಳಲಿಲ್ಲ. ಆದರೆ ಅವನ ಮೈ ಏನನ್ನೋ ಕೇಳುತ್ತಿತ್ತು, ಅದು ಮನೆಯಲ್ಲೇ ವಾಡೆ ತುಂಬ ಇತ್ತು ಅನ್ನುವುದು ಈ ವಯಸ್ಸಿನಲ್ಲಿ ನನಗೆ ತಿಳಿಯಬೇಕಾಗಿತ್ತೇ?

ಆ ವರ್ಷ ಯುಗಾದಿ ಬಂತು. ಸಾವಿನ ಮನೆ, ಹಬ್ಬವಿಲ್ಲ, ಸುಣ್ಣ ಬಳಿಯುವುದೂ ಬೇಡ ಅಂದಿದ್ದಳು ಅಜ್ಜಿ. ಆದರೆ ಬೆಳಿಗ್ಗೆ ನಾನು ನೀರು ತಂದು ಒಳಗೆ ಬಂದರೆ ಅವ್ವ ವಾಡೆಯ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತು, ಕುಡುಗೋಲಿನ ತುದಿಯಿಂದ ಒಣಗಿದ ಸಗಣಿಯನ್ನು ಕೆರೆಯುತ್ತಿದ್ದಳು. ಪೂರ್ತಿ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಕದಡಿದ ಸುಣ್ಣವನ್ನು ಆ ಅಂಗೈಯಗಲ ಜಾಗಕ್ಕೆ ಮಾತ್ರ ಬಳಿಯತೊಡಗಿದಳು. ಒಂದು ಸಲ ಬಳಿದು, ಆರಲು ಬಿಟ್ಟು, ಮತ್ತೆ ದಪ್ಪಗೆ ಬಳಿದಳು.

ಅಜ್ಜಿ ಬಾಗಿಲಲ್ಲಿ ನಿಂತು, "ಅದೊಂದು ಕಡೆ ಯಾಕೆ ಬಳೀತಿದ್ದೀಯೆ?" ಅಂದಳು.

ಅವ್ವ ತಿರುಗಿ ನೋಡಲಿಲ್ಲ. "ಕಹಿ ಹಾಕಿದ್ದು ನಾನೇ ಅಲ್ವಾ ಅತ್ತೆ," ಅಂದಳು. "ತೆಗೀತಾ ಇದೀನಿ."

ಅಜ್ಜಿ ಒಳಗೆ ಬಂದು ಸೊಸೆಯ ಪಕ್ಕದಲ್ಲಿ ಕೂತು, ಸುಣ್ಣದ ಮಡಕೆಯನ್ನು ಅವಳ ಕೈಗೆ ಸಿಗುವ ಹಾಗೆ ಹತ್ತಿರಕ್ಕೆ ಸರಿಸಿದಳು.