ಧರ್ಮಸ್ಥಳದಷ್ಟೇ ದೂರದ ಲಂಡನ್

ಮೊನ್ನೆ ಬಸವೇಶ್ವರನಗರದ ಹಿಟ್ಟಿನ ಗಿರಣಿಯ ಮುಂದೆ ಸ್ಕೂಟರ್ ನಿಲ್ಲಿಸಿದಾಗ ಒಳಗೆ ಯಾರೋ ಸಾರಿನ ಪುಡಿ ಮಾಡಿಸುತ್ತಿದ್ದರು. ಹುರಿದ ಧನಿಯ, ಮೆಂತ್ಯದ ಘಮ ಮೂಗಿಗೆ ಬಡಿದದ್ದೇ ತಡ, ನಮ್ಮ ಓನರ್ ಆಂಟಿ ನೆನಪಾದರು...

ಅವರ ಮನೆಯ ಮೇಲಿನ ಪೋರ್ಷನ್‌ನಲ್ಲಿ ನಾನು ಒಂಬತ್ತು ವರ್ಷ ಬಾಡಿಗೆಗಿದ್ದೆ. ನೀರು ಜಾಸ್ತಿ ಬಿಟ್ಟರೆ ಬೈಯುತ್ತಿದ್ದರು, ಬೈದ ಬಾಯಲ್ಲೇ ಊಟಕ್ಕೆ ಕರೆಯುತ್ತಿದ್ದರು. ಅವರಿಗಿದ್ದ ಒಬ್ಬರೇ ಅಕ್ಕ ಲಂಡನ್ನಿನಲ್ಲಿ. ಹನ್ನೆರಡು ವರ್ಷದಿಂದ ಇಬ್ಬರೂ ಮುಖ ನೋಡಿರಲಿಲ್ಲ. ಅಕ್ಕನಿಗೆ ಹೃದಯದ ತೊಂದರೆ, ವಿಮಾನ ಹತ್ತಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆಂಟಿಗೆ ಸೊಂಟನೋವು, ಜೊತೆಗೆ ವಿಮಾನವೆಂದರೆ ಕೈಕಾಲು ನಡುಕ. ಅಕ್ಕನೇ ಟಿಕೆಟ್ ಮಾಡಿಸಿ ಕಳಿಸಿದ್ದರೂ ಇವರು ಹೋಗುವುದಿಲ್ಲ ಎಂದೇ ಹಟ ಹಿಡಿದು ಕೂತಿದ್ದರು.

“ಧರ್ಮಸ್ಥಳದ ಬಸ್ಸಲ್ಲಿ ಆರೇಳು ಗಂಟೆ ಕೂತಿದ್ದೇ ನನ್ನ ರೆಕಾರ್ಡು ಕಣೇ. ಅದಕ್ಕಿಂತ ಒಂದ್ನಿಮಿಷ ಜಾಸ್ತಿ ನನ್ ಕೈಲಾಗಲ್ಲ.”

ಟಿಕೆಟ್ ಇಸಿದುಕೊಂಡು ನೋಡಿದೆ. ಬೆಂಗಳೂರು ಬಿಡುವುದು ಬೆಳಿಗ್ಗೆ ಏಳಕ್ಕೆ, ಲಂಡನ್ ಸೇರುವುದು ಅದೇ ದಿನ ಮಧ್ಯಾಹ್ನ ಒಂದಕ್ಕೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ, ಎಂಟು ಸಾವಿರ ಕಿಲೋಮೀಟರಿಗೆ ಹತ್ತೂವರೆ ಗಂಟೆ ಬೇಕೇ ಬೇಕು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

“ನೋಡಿ ಆಂಟಿ, ಏಳಕ್ಕೆ ಹತ್ತಿದ್ರೆ ಒಂದಕ್ಕೆ ಇಳೀತೀರ. ಧರ್ಮಸ್ಥಳದಷ್ಟೇ. ಘಾಟಿನ ತಿರುವೂ ಇಲ್ಲ!”

ಬೆರಳು ಮಡಚಿ ಎರಡು ಸಲ ಎಣಿಸಿದರು. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ, “ಹಾಗಾದ್ರೆ ಅಕ್ಕಂಗೆ ಸಾರಿನ ಪುಡಿ ಮಾಡಿಸ್ಬೇಕು,” ಎನ್ನುತ್ತಾ ಎದ್ದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ನಾನು ಒಂದೇ ಸುಳ್ಳಿನಲ್ಲಿ ಲಂಡನ್‌ಗೆ ಕಳಿಸುತ್ತಿದ್ದೇನೆ ಎಂದು ಒಳಗೊಳಗೇ ಬೀಗಿದೆ. ಅವರು ಹಾರಿದ ದಿನ ಮಾತ್ರ ಬೀಗಿದ್ದೆಲ್ಲ ಇಳಿದುಹೋಯಿತು. ಇಲ್ಲಿ ಒಂದು ಗಂಟೆ ಹೊಡೆದಾಗಿನಿಂದ ಸಂಜೆ ಐದೂವರೆಯವರೆಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ತಿಂಗಳ ನಂತರ ಬಂದರು. ಬೈಗುಳಕ್ಕೆ ತಯಾರಾಗಿಯೇ ಕೆಳಗಿಳಿದೆ. ಕೈಗೆ ಚಾಕೊಲೇಟ್ ಡಬ್ಬಿ ಇಟ್ಟು, “ನಿನ್ ಧರ್ಮಸ್ಥಳ ಸ್ವಲ್ಪ ದೂರಾನೇ ಆಯ್ತು ಕಣೇ,” ಎಂದಷ್ಟೇ ಹೇಳಿ ನಕ್ಕರು. ಅಕ್ಕ-ತಂಗಿ ಒಂದೇ ಮಂಚದಲ್ಲಿ ಮಲಗಿ, ಚಿಕ್ಕಂದಿನ ಯಾವುದೋ ಲಂಗಕ್ಕಾಗಿ ಮತ್ತೆ ಜಗಳವಾಡಿದ ಕಥೆ ವಾರಗಟ್ಟಲೆ ನಡೆಯಿತು...

ಆಂಟಿ ತೀರಿಕೊಂಡು ಎರಡು ವರ್ಷವಾಯಿತು. ಮೊನ್ನೆ ಗಿರಣಿಯಿಂದ ಮನೆಗೆ ಬಂದವಳೇ ಲಂಡನ್ನಿನ ಅಕ್ಕನಿಗೆ ಫೋನ್ ಮಾಡಿ ಆ ಹಳೇ ಸುಳ್ಳನ್ನು ಒಪ್ಪಿಕೊಂಡೆ. ಅವರು ಗೊಳ್ಳೆಂದು ನಕ್ಕರು.

“ಅವಳಿಗೆ ಮೊದ್ಲೇ ಗೊತ್ತಿತ್ತಮ್ಮ. ಹತ್ತೂವರೆ ಗಂಟೆ ಅಂತ ನಾನೇ ಹೇಳಿದ್ದೆ, ಅದಕ್ಕೇ ಬರಲ್ಲ ಅಂತಿದ್ಲು. ಆಮೇಲೆ ಒಂದಿನ ಫೋನ್ ಮಾಡಿ, ‘ಮೇಲಿನ ಮನೆ ಹುಡುಗಿ ನಂಗೋಸ್ಕರ ಸುಳ್ಳು ಹೇಳಿದಾಳೆ ಕಣಕ್ಕ. ಇನ್ನೂ ಬರ್ದೇ ಇದ್ರೆ ಪಾಪ, ಅವಳಿಗೆ ಬೇಜಾರಾಗತ್ತೆ. ಬರ್ತೀನಿ’ ಅಂದ್ಲು.”

ನಾನೂ ಜೋರಾಗಿ ನಕ್ಕೆ. ಫೋನ್ ಇಟ್ಟ ಮೇಲೆ, ಸಿಕ್ಕಿಬಿದ್ದ ನನ್ನ ಕಿವಿ ಹಿಂಡಲು ಆಂಟಿ ಇಲ್ಲವಲ್ಲ ಎಂದು ಅಳು ಬಂತು.